ಬೋರ್ಡಿನ ಮುಂದೆ ಎದ್ದು ನಿಂತದ್ದು

ಸೈನ್ಯದಲ್ಲಿದ್ದಾಗಲೇ ನನ್ನ ತೊಡೆಯ ಸ್ನಾಯುಗಳು ಸವೆಯತೊಡಗಿದ್ದವು. ಆದರೂ ಮೊದಲ ಮೆಡಿಕಲ್ ಬೋರ್ಡಿನಲ್ಲಿ ಹೇಗಿದ್ದೀಯ ಎಂದು ಕೇಳಿದಾಗ, ಚೆನ್ನಾಗಿದ್ದೇನೆ ಸರ್ ಎಂದುಬಿಟ್ಟೆ. ಅಧಿಕಾರಿಯ ಮುಂದೆ ನರಳುವುದನ್ನು ಯಾವ ಹವಾಲ್ದಾರನೂ ನನಗೆ ಕಲಿಸಿರಲಿಲ್ಲ. ಅಂಗವೈಕಲ್ಯ ಪಿಂಚಣಿಯ ಅರ್ಜಿ ತಿರಸ್ಕೃತವಾಯಿತು.

ಮೇಲ್ಮನವಿ ಹಾಕಿದ ಮೇಲೆ ಮತ್ತೆ ಕರೆ ಬಂತು. ಈ ಸಲ ಹೆಂಡತಿಯೂ ಹೊರಟಳು. ಕೊರಟಗೆರೆಯಲ್ಲಿ ಬಸ್ಸು ಹತ್ತುವಾಗಲೇ ಎಚ್ಚರಿಸಿದಳು: "ಚೆನ್ನಾಗಿವ್ನಿ ಅಂತ ಮತ್ತೆ ಅಂದ್ಬುಟ್ರೆ ನಿಮ್ಮನ್ನ ಅಲ್ಲೇ ಬುಟ್ಟು ಬಂದ್ಬುಡ್ತೀನಿ."

ಆಗಲಿ ಎಂದಿದ್ದೆ. ಆದರೆ ಬೋರ್ಡಿನ ಕೋಣೆಗೆ ಸಮವಸ್ತ್ರದ ವೈದ್ಯಾಧಿಕಾರಿ ಬಂದ ಕೂಡಲೇ ನನ್ನ ಮೈ ಕುರ್ಚಿಯಿಂದ ತಾನಾಗಿ ಏಳತೊಡಗಿತು. ಕೈಗಳನ್ನು ಮೊಣಕಾಲಿಗೆ ಊರಿ, ಆಮೇಲೆ ತೊಡೆಗೆ ಊರಿ, ನನ್ನ ಮೈಯನ್ನು ನಾನೇ ಹತ್ತಿಕೊಂಡು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದೆ. ಅಷ್ಟು ಹೊತ್ತೂ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಹೇಗಿದ್ದೀಯ ಎಂದರು.

"ಚೆನ್ನಾಗಿದ್ದೇನೆ ಸರ್."

ಹೆಂಡತಿ ಹಣೆ ಚಚ್ಚಿಕೊಂಡಳು. "ಇರಲಿ ಬಿಡಮ್ಮ, ಇವರು ಎದ್ದದ್ದನ್ನ ನೋಡಿದೆನಲ್ಲ" ಎಂದು ಅವರು ನಕ್ಕರು. ಪಿಂಚಣಿ ಮಂಜೂರಾಯಿತು.

ಈಗ ಸಂಜೆ ಜಗಲಿಯಿಂದ ನನ್ನನ್ನು ಎಬ್ಬಿಸುವವಳು ಅವಳೇ. ದಾರಿಯಲ್ಲಿ ಹೋಗುವವರು ಯಾರಾದರೂ "ಹೆಂಗವ್ರೆ ಯಜಮಾನ್ರು?" ಎಂದರೆ, ನನ್ನ ಕಂಕುಳಿಗೆ ಕೈಕೊಟ್ಟು ಏದುಸಿರು ಬಿಡುತ್ತಲೇ ಹೇಳುತ್ತಾಳೆ: "ಚೆನ್ನಾಗವ್ರೆ ಕಣಣ್ಣ."