ಆರು ಸಲ ಕೇಳಿದ ಕ್ಷಮೆ

ನಾನು ನೈರೋಬಿಯ ಮಾತ್ರೆ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ಹೊಸ ಯಂತ್ರ ಕೂರಿಸಲು ಸರ್ಬಿಯಾದಿಂದ ಡ್ರಾಗಾನ್ ಎಂಬ ಎಂಜಿನಿಯರ್ ಬಂದಿದ್ದ. ಮಾತ್ರೆಗಳ ತೂಕ ಹೆಚ್ಚುಕಡಿಮೆ ಬರುತ್ತಿದೆ, ಈತನ ಕೆಲಸ ಸರಿಯಿಲ್ಲ ಎಂದು ಅವನ ಕಂಪನಿಗೆ ಕಟುವಾಗಿ ಬರೆದೆ. ಅವರು ಅವನನ್ನು ಕೆಲಸದಿಂದ ತೆಗೆಯುವುದರಲ್ಲಿದ್ದರು. ಆಮೇಲೆ ನೋಡಿದರೆ, ಕೆಟ್ಟಿದ್ದದ್ದು ನಮ್ಮ ಲ್ಯಾಬಿನ ತಕ್ಕಡಿ. ಅದು ನನ್ನ ಜವಾಬ್ದಾರಿ.

ದೂರನ್ನು ಅಂದೇ ವಾಪಸು ಪಡೆದೆ. ಎದುರಿಗೆ ನಿಂತು, ಅವನ ಭಾಷೆಯಲ್ಲೇ ಕ್ಷಮೆ ಕೇಳುವುದು ನ್ಯಾಯ ಅನ್ನಿಸಿತು. ಸರ್ಬಿಯನ್‌ನಲ್ಲಿ ‘ಕ್ಷಮೆ ಕೇಳು’ ಎಂಬ ಕ್ರಿಯಾಪದ ಹುಡುಕಿ, ಕಾನ್ವೆಂಟ್ ಶಾಲೆಯ ಅಭ್ಯಾಸದಂತೆ ಅದರ ಎಲ್ಲ ರೂಪಗಳನ್ನೂ ಉರು ಹೊಡೆದೆ. ಮರುದಿನ ಯಂತ್ರದ ಕೋಣೆಯಲ್ಲಿ, ಆಪರೇಟರುಗಳ ಮುಂದೆಯೇ, “ಇಜ್ವಿನ್ಯಾವಾಮ್ ಸೆ,” ಎಂದೆ. ನಾನು ಕ್ಷಮೆ ಕೇಳುತ್ತೇನೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬಾಯಿಪಾಠ ನಿಲ್ಲಲಿಲ್ಲ. “ಇಜ್ವಿನ್ಯಾವಾಶ್ ಸೆ, ಇಜ್ವಿನ್ಯಾವಾ ಸೆ...” ನೀನು, ಅವನು, ನಾವು, ನೀವು, ಅವರು, ಎಲ್ಲರೂ ಕ್ಷಮೆ ಕೇಳಿಯಾಯಿತು.

ಡ್ರಾಗಾನ್ ಕೊನೆಯವರೆಗೂ ಕೇಳಿಸಿಕೊಂಡ. “ಮೊದಲನೆಯದೇ ಸಾಕಿತ್ತು, ಬಾಸ್. ಉಳಿದವರು ಏನು ಮಾಡಿದ್ದರು?” ಎಂದು ಕೈ ಚಾಚಿದ.

“ನಮ್ಮನ್ನೂ ಸೇರಿಸಿಬಿಟ್ರಾ, ಸರ್?” ಎಂದಳು ಆಪರೇಟರ್ ವಂಜಿಕು.

ಕೈ ಕುಲುಕಿದೆ. ಅವನ ಇನ್ನೊಂದು ಕೈಯಲ್ಲಿ ಕಾಫಿ ಲೋಟವಿತ್ತು. ಆ ಕೋಣೆಯೊಳಗೆ ನೀರು ತರುವುದೂ ನಿಷಿದ್ಧ. ಆ ಒಂದು ದಿನ ನನಗೆ ಆ ಲೋಟ ಕಾಣಿಸಲಿಲ್ಲ.