ಟೈಲರ್ ಶಿವಪುತ್ರಪ್ಪ

ಹೆಂಡತಿಯ ಬಾಯಿಂದ ಹೊರಟ ಒಂದೇ ಮಾತು ಗಂಡನ ಕಸುಬನ್ನೇ ಬದಲಾಯಿಸಿಬಿಡುತ್ತದೆ ಅಂದರೆ ನೀವು ನಂಬಲಿಕ್ಕಿಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಶಿವಪುತ್ರಪ್ಪನ ಪಾಲಿಗೆ ಹಾಗೇ ಆಗಿತ್ತು. ತಮಾಷೆಯೆಂದರೆ ಮೂರು ವರ್ಷ ಅದು ಅವನಿಗೇ ಗೊತ್ತಿರಲಿಲ್ಲ.

ಇಳಕಲ್ಲಿನಿಂದ ಎಂಜಿನಿಯರಿಂಗ್ ಓದಲು ಬಂದವನು ಅವನು. ಖರ್ಚಿಗಾಗುತ್ತದೆಂದು ರಜೆಯಲ್ಲಿ ಟೈಲ್ಸ್ ಹಾಕುವವರ, ಅಲ್ಲಿಯವರ ಮಾತಿನಲ್ಲಿ ‘ಟೈಲರ್’ಗಳ, ಕೈಕೆಳಗೆ ಸೇರಿಕೊಂಡ. ಡಿಗ್ರಿ ಮುಗಿಯಿತು, ಅಲ್ಲೇ ನೆಲೆಸಲು ಪಿಆರ್ ಬಂತು, ಮದುವೆಯೂ ಆಯಿತು. ಆ ಕೆಲಸ ಮಾತ್ರ ಬಿಡಲಿಲ್ಲ. ಯಾಕೆ ಅಂದರೆ, ‘ಸಂಜೀಕ ಎದ್ದು ನಿಂತು ನೋಡಿದ್ರ, ಮಾಡಿದ್ದು ಕಣ್ಣಿಗೆ ಕಾಣ್ತೈತಿ’ ಅನ್ನುತ್ತಿದ್ದ. ಅಂಥ ಕೈ ಅವನದು. ಅವನು ಹಾಕಿದ ಬಚ್ಚಲ ನೆಲಕ್ಕೆ ನೀರು ಸುರಿದರೆ ಒಂದು ಹನಿಯೂ ಅಡ್ಡದಾರಿ ಹಿಡಿಯುತ್ತಿರಲಿಲ್ಲ.

ಹೆಂಡತಿ ಮಹಾನಂದಾಗೆ ಮಾತ್ರ ಒಳಗೊಳಗೇ ಕಸಿವಿಸಿ. ಭಾನುವಾರದ ಕನ್ನಡ ಶಾಲೆಗೆ ಬರುವ ಹೆಂಗಸರ ಗಂಡಂದಿರೆಲ್ಲ ಸಾಫ್ಟ್‌ವೇರಿನವರು. ಬ್ಯಾಂಕೊಂದರಲ್ಲಿ ಐಟಿ ಮ್ಯಾನೇಜರಾಗಿದ್ದ ಗೋಪೀನಾಥನ ಹೆಂಡತಿ, ಮೈಸೂರಿನ ಅರುಂಧತಿ, ಮೊದಲ ದಿನವೇ ಕೇಳಿದಳು: ‘ನಿಮ್ಮ ಯಜಮಾನ್ರು ಏನ್ಮಾಡ್ತಾರ್ರೀ?’

‘ಟೈಲರ್ ಅದಾರ್ರಿ’ ಎಂದಳು ಮಹಾನಂದಾ, ನೆಲ ನೋಡುತ್ತ.

‘ಓ, ಸೂಟ್ ಹೊಲೀತಾರಾ? ಸಿಟೀಲಿ ಸ್ವಂತ ಅಂಗಡೀನಾ?’

ತಿದ್ದಬಹುದಿತ್ತು. ಆದರೆ ಯಾರದೋ ಬಚ್ಚಲಲ್ಲಿ ಮೊಣಕಾಲೂರುವ ಗಂಡನಿಗಿಂತ ಸಿಟಿಯಲ್ಲಿ ಸೂಟು ಹೊಲಿಯುವ ಗಂಡ ಆ ಗಳಿಗೆಗೆ ಚೆಂದ ಕಂಡ. ‘ಹೂಂ ರಿ’ ಅಂದುಬಿಟ್ಟಳು. ಮಗಳು ಸಂಯುಕ್ತಾ ‘ಮೈ ಡ್ಯಾಡ್ಸ್ ಎ ಟೈಲರ್’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದು ಸುಳ್ಳಿಗೆ ಇನ್ನೂ ಬಲ ತಂದಿತು. ‘ಟುಡೇ’ಯನ್ನೇ ‘ಟುಡೈ’ ಅನ್ನುವ ದೇಶದಲ್ಲಿ ಬಟ್ಟೆ ಹೊಲಿಯುವ ‘ಟೇಲರ್’ ಕೂಡ ‘ಟೈಲರ್’ ಆಗಿಬಿಡುತ್ತಾನೆ, ಯಾವ ಟೈಲರ್ ಎಂದು ಯಾರು ಕೇಳುತ್ತಾರೆ?

2008ರ ಜುಲೈ ರಜೆಗೆ ಗೋಪೀನಾಥ ಬಾರ್ಸಿಲೋನಾಗೆ ಟಿಕೆಟ್ ಬುಕ್ ಮಾಡುವಾಗ ಇವರನ್ನೂ ಕರೆದ. ಶಿವಪುತ್ರಪ್ಪ ಕುಣಿದಾಡಿಬಿಟ್ಟ, ಆ ಊರಿನ ಕಟ್ಟಡಗಳ ಚಿತ್ರವನ್ನು ಅವನು ವರ್ಷಗಳಿಂದ ತನ್ನ ವ್ಯಾನಿನಲ್ಲಿ ಅಂಟಿಸಿಕೊಂಡಿದ್ದ. ಮಹಾನಂದಾಗೆ ಮಾತ್ರ ದಿಗಿಲಾಯಿತು. ಗುಟ್ಟು ರಟ್ಟಾದರೆ ಅರುಂಧತಿ ನಕ್ಕಾಳು, ನಗಲಿ. ಆದರೆ ಹೆಂಡತಿ ತನ್ನ ಕಸುಬಿಗೆ ನಾಚಿಕೊಂಡಿದ್ದಳೆಂದು ಗಂಡನಿಗೆ ಗೊತ್ತಾದರೆ?

ಊರಾದರೂ ಎಂಥದು! ಕಲ್ಲನ್ನು ಹಿಟ್ಟು ನಾದಿದಂತೆ ನಾದಿ ಕಟ್ಟಿದ ಮನೆಗಳು, ಬಳುಕುವ ಬಾಲ್ಕನಿಗಳು, ಬಣ್ಣ ಬಣ್ಣದ ಚಿಮಣಿಗಳು. ಎಲ್ಲರೂ ಕತ್ತೆತ್ತಿ ಶಿಖರ ನೋಡುತ್ತಿದ್ದರೆ ಶಿವಪುತ್ರಪ್ಪ ಬಗ್ಗಿ ಮೂಲೆಗಳನ್ನು ನೋಡುತ್ತಿದ್ದ. ಮೂರನೆಯ ದಿನ ಗುಡ್ಡದ ಮೇಲಿನ ಪಾರ್ಕಿಗೆ ಹೋದರು. ಅಲ್ಲಿ ಹಾವಿನಂತೆ ಹೊರಳುತ್ತ ಹೋಗುವ ಉದ್ದನೆಯ ಬೆಂಚು. ಅದರ ಮೈತುಂಬ ನೀಲಿ, ಹಳದಿ, ಹಸಿರು ಟೈಲ್ಸ್ ಚೂರುಗಳು. ಅವನು ಮೊಣಕಾಲೂರಿ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟ.

‘ಡ್ಯಾಡ್, ಪೀಪಲ್ ಆರ್ ಲುಕಿಂಗ್!’ ಎಂದಳು ಸಂಯುಕ್ತಾ.

‘ಒಂದರ ಅಡಿಗೂ ಪೊಳ್ಳಿಲ್ಲಬೇ!’ ಅವನ ಕಣ್ಣಲ್ಲಿ ನೀರಾಡುತ್ತಿತ್ತು. ‘ನೋಡ್ರಿ ಅರುಂಧತಿಯವರ, ಬಾಗಿದ ಮೈಗೆ ಇಡೀ ಟೈಲ್ಸ್ ಕೂಡಂಗಿಲ್ಲ. ಅದಕ್ಕ ಒಡದು ಕೂಡಿಸ್ಯಾರ. ಎಂಥಾ ತಲಿ, ಎಂಥಾ ಕೈ!’

ಮಹಾನಂದಾ ಆ ಮುಖವನ್ನೇ ನೋಡಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡ ಅವಳಿಗೆ ಇಷ್ಟು ಚೆಂದ ಕಂಡದ್ದಿಲ್ಲ.

‘ಟೈಲರ್ ಆಗಿ ಇಷ್ಟೆಲ್ಲಾ ಹೇಗ್ರೀ ಗೊತ್ತು ನಿಮ್ಗೆ?’ ಎಂದಳು ಅರುಂಧತಿ.

‘ಟೈಲರ್ ಅಂದಮ್ಯಾಲ ಇಷ್ಟರ ಗೊತ್ತಿರಬೇಕಲ್ರಿ.’

‘ಹಾಗಾದ್ರೆ ನಮ್ಮವರಿಗೂ ಒಂದು ಸೂಟ್ ಹೊಲ್ಕೊಡಿ. ನಿಮ್ಮಂಗಡಿಗೆ ಬರ್ತೀವಿ ಅಂತ ಮೂರು ವರ್ಷದಿಂದ ಮಹಾನಂದಾಗೆ ಹೇಳ್ತಾನೇ ಇದೀನಿ!’

ಶಿವಪುತ್ರಪ್ಪ ಹೆಂಡತಿಯ ಕಡೆ ತಿರುಗಿದ. ಬಿಳಿಚಿಕೊಂಡ ಅವಳ ಮುಖ ನೋಡಿದ್ದೇ ಎಲ್ಲ ತಿಳಿಯಿತು. ಎದ್ದು ಕಿಸೆಯಿಂದ ಸ್ಟೀಲ್ ಟೇಪ್ ತೆಗೆದು, ಸರ್ರನೆ ಎಳೆದು ಗೋಪೀನಾಥನ ಭುಜಕ್ಕೆ ಹಿಡಿದ. ‘ನೆಟ್ಟಗ ನಿಂದರ್ರಿ ಸರ, ಅಳತಿ ತಗೋತೀನಿ.’

ತನ್ನ ಮಾನ ಮುಚ್ಚಲು ಗಂಡ ಹೀಗೆ ವೇಷ ಹಾಕಿ ನಿಂತದ್ದನ್ನು ಮಹಾನಂದಾ ತಡೆದುಕೊಳ್ಳಲಾರದೆ ಹೋದಳು. ಅವನ ಕೈ ಹಿಡಿದುಕೊಂಡಳು.

‘ಬ್ಯಾಡ್ರಿ. ಅರುಂಧತಿಯವರ, ಇವ್ರು ಅರಿವಿ ಹೊಲಿಯೋ ಟೈಲರ್ ಅಲ್ರಿ. ಟೈಲ್ಸ್ ಹಾಕ್ತಾರ. ಮಂದಿ ಬಚ್ಚಲದಾಗ ಮೊಣಕಾಲೂರಿ ಹಾಕ್ತಾರ. ನಾನ ನಾಚಿಕೊಂಡು ಸುಳ್ಳು ಹೇಳಿದ್ದೆ. ಇವ್ರಿಗೆ ಏನೂ ಗೊತ್ತಿರಲಿಲ್ಲ.’ ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು.

ಗೋಪೀನಾಥ ಬಗ್ಗಿ ತಾನೂ ಬೆಂಚನ್ನು ಒಮ್ಮೆ ಬಡಿದು ನೋಡಿದ. ಶಿವಪುತ್ರಪ್ಪ ಟೇಪನ್ನು ಕಿಸೆಗೆ ಹಾಕಿಕೊಂಡ. ಅವನಿಗೆ ನೋವಾಗಿತ್ತು, ಮುಖದಲ್ಲಿ ಅದು ಕಾಣುತ್ತಿತ್ತು. ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ತಾನೂ ಕೂತ.

‘ಮೂರು ವರ್ಷ ಟೈಲರ್ ಅಂಗಡಿ ನಡೆಸೀದಿ’ ಎಂದ. ‘ನನಗೊಂದು ಅಂಗೀನರ ಹೊಲಿಸಬಾರದಿತ್ತೇನು?’