ನಾನು ಕೊಟ್ಟ ಎರಡನೆಯ ಮಾತ್ರೆ

ನನ್ನ ಹೆಂಡತಿ ಬಡಿದ ರೊಟ್ಟಿಯ ಅಂಚು ಒಡೆಯಲು ಶುರುವಾದಾಗ ನಾನು ಮೊದಲು ಜೋಳವನ್ನು ಬೈದೆ. ಆಮೇಲೆ ಗಿರಣಿಯವನನ್ನು ಬೈದೆ. ಕೊನೆಗೆ ಅವಳನ್ನೇ ಬೈದೆ. ಅವಳ ಕೈ ನಡುಗುತ್ತಿದೆ ಎಂಬುದು ಕಣ್ಣಿಗೆ ಬೀಳಲು ನನಗೆ ಎರಡು ತಿಂಗಳು ಬೇಕಾಯಿತು. ದಿನಾಲೂ ಒಲೆಯ ಮುಂದೆ, ಅವಳ ಎದುರಿಗೇ ಕುಳಿತು ಉಣ್ಣುತ್ತಿದ್ದವನು ನಾನು.

ನಮ್ಮದು ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವಾಗ ಸಿಗುವ ಎರೆಭೂಮಿಯ ಹಳ್ಳಿ. ನಾನು ಹತ್ತನೆಯ ಇಯತ್ತೆ ಪಾಸಾದವನು. ಅಣ್ಣಿಗೇರಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಹತ್ತಿ ತೂಗುವ ಕೆಲಸ ಮಾಡಿದೆ. ತೂಕ ಹೆಚ್ಚಿಗೆ ಬರಲೆಂದು ಕೆಲವರು ಹತ್ತಿಗೆ ನೀರು ಚಿಮುಕಿಸಿ ತರುತ್ತಿದ್ದರು. ನಾನು ಹತ್ತಿ ತುಂಬಿದ ದೊಡ್ಡ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸುತ್ತಿದ್ದೆ. ಮೇಲೆ ಒಣಗಿದ್ದರೂ ನಡುವೆ ಕೈಗೆ ತಣ್ಣಗೆ ತಾಗಿದರೆ ಸಾಕು, ಹಿಡಿದುಬಿಡುತ್ತಿದ್ದೆ. "ಏನಪಾ, ಹತ್ತಿ ತಂದೀಯೋ, ಒಗದ ಅರಿವಿ ತಂದೀಯೋ?" ಎಂದು ನಾಲ್ಕು ಜನರ ಎದುರಿಗೆ ಕೇಳುತ್ತಿದ್ದೆ. ಅವರು ತಲೆ ಕೆಳಗೆ ಹಾಕುವುದನ್ನು ನೋಡಿ ನನಗೆ ಖುಷಿಯಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದು ಅವರು ಮಾಡಿದ್ದಕ್ಕಿಂತ ಬೇರೆಯಲ್ಲ.

ಕೈನಡುಕದ ಜೊತೆಗೆ ಇನ್ನೂ ಏನೇನೋ ಇತ್ತು. ಛಳಿಯ ದಿನಗಳಲ್ಲೂ ಅವಳು ಬೆವರುತ್ತಿದ್ದಳು. ಮೊದಲಿಗಿಂತ ಒಂದು ರೊಟ್ಟಿ ಹೆಚ್ಚಿಗೆ ಉಂಡರೂ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಸಣ್ಣ ಮಾತಿಗೆ ಸಿಟ್ಟು ಮಾಡುತ್ತಿದ್ದಳು. ಜೀವನದಲ್ಲಿ ನನಗೆ ಎದುರು ಮಾತಾಡದಿದ್ದವಳು ಒಂದು ದಿನ ಸಾರಿನ ಸೌಟನ್ನು ನೆಲಕ್ಕೆ ಒಗೆದಳು. ವಯಸ್ಸಾದ ಮೇಲೆ ಇವಳಿಗೆ ಸೊಕ್ಕು ಬಂತು ಎಂದುಕೊಂಡೆ. ಊರಿನ ಆಶಾ ಕಾರ್ಯಕರ್ತೆ ಯಾವುದೋ ಕೆಲಸಕ್ಕೆ ಮನೆಗೆ ಬಂದವಳು ಇವಳ ಮಣಿಕಟ್ಟು ಹಿಡಿದು, ಕತ್ತಿನ ಬುಡದ ಬಾವು ನೋಡಿ, "ಕಾಕಾ, ಇದು ಸೊಕ್ಕಲ್ಲರಿ, ಥೈರಾಯಿಡ್ ಇರಬೇಕು. ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ" ಎಂದಳು.

ಹುಬ್ಬಳ್ಳಿಯ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ರಕ್ತದ ವರದಿ ನೋಡಿ ನಿಧಾನವಾಗಿ ತಿಳಿಸಿದರು. ಗಂಟಲಿನಲ್ಲಿ ಒಂದು ಗ್ರಂಥಿ ಇರುತ್ತದೆ, ಅದು ಬೇಕಾದದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ, ಅದಕ್ಕೇ ಎದೆ ಓಡುತ್ತದೆ, ಕೈ ನಡುಗುತ್ತದೆ, ಮೈ ಕರಗುತ್ತದೆ. ಗ್ರಂಥಿಯನ್ನು ತಗ್ಗಿಸಲು ಒಂದು ಸಣ್ಣ ಮಾತ್ರೆ, ದಿನಕ್ಕೆ ಒಂದೇ. ನಡುಕಕ್ಕೂ ಎದೆಬಡಿತಕ್ಕೂ ಇನ್ನೊಂದು. "ಅಜ್ಜಾರ, ಇದು ಜ್ವರದ ಗುಳಿಗಿ ಇದ್ದಂಗ ಅಲ್ಲರಿ, ಇವತ್ತ ನುಂಗಿ ನಾಳೆ ಕಡಿಮಿ ಆಗೂದಿಲ್ಲ. ವಾರಗಟ್ಟಲೆ ಹಿಡಿತೈತಿ. ಎರಡ ತಿಂಗಳಿಗೆ ರಕ್ತ ನೋಡಿ ನಾನು ಹೆಚ್ಚು ಕಡಿಮಿ ಮಾಡ್ತೀನಿ. ನೀವು ಮಾಡಬ್ಯಾಡ್ರಿ. ಜ್ವರ ಬಂದು ಗಂಟಲ ನೋವಾದ್ರ ಮಾತ್ರ ಅವತ್ತ ಬರ್ರಿ" ಎಂದರು. ನಾನು ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದೆ. ಹೆಂಡತಿಗೆ ಓದಲು ಬರುವುದಿಲ್ಲ. ಆದ್ದರಿಂದ ಮಾತ್ರೆಗಳು ನನ್ನ ಟ್ರಂಕಿಗೆ ಸೇರಿದವು.

ಆ ದಿನಗಳಲ್ಲಿ ಅವಳು ತನ್ನ ರೋಗದ ಜೊತೆ ಬಾಳಿದ ರೀತಿಯನ್ನು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ. ಕಪ್ಪಿನಲ್ಲಿ ಚಹಾ ಚೆಲ್ಲುತ್ತದೆಂದು ತಂಬಿಗೆಯಲ್ಲಿ ಅರ್ಧ ಹಾಕಿಕೊಂಡು ಎರಡೂ ಕೈಯಿಂದ ಹಿಡಿದು ಕುಡಿದಳು. ಸೂಜಿಗೆ ದಾರ ಪೋಣಿಸಲು ಆಗದಾಗ, ನಾದಿದ ಹಿಟ್ಟಿನ ಒಂದು ಉಂಡೆಯಲ್ಲಿ ಸೂಜಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿ, ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದು ದಾರ ತೂರಿಸಿದಳು. ನೀರು ತರುವ ದಾರಿಯಲ್ಲಿ ಎದೆ ಹೊಡೆದುಕೊಂಡರೆ ಯಾರದಾದರೂ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಕುಳಿತಮೇಲೆ ಆ ಮನೆಯ ಕಷ್ಟಸುಖ ವಿಚಾರಿಸದೆ ಏಳುತ್ತಿರಲಿಲ್ಲ. "ರೋಗ ಬಂದ ಮ್ಯಾಲೆ ನನಗ ಊರಿನ ಸುದ್ದಿ ಎಲ್ಲಾ ಗೊತ್ತಾಗಾಕತ್ತಾವು ನೋಡ್ರಿ" ಎಂದು ನಗುತ್ತಿದ್ದಳು.

ಸಿಟ್ಟಿಗೂ ಒಂದು ದಾರಿ ಕಂಡುಕೊಂಡಳು. ಸಿಟ್ಟು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಕೈಯೆತ್ತಿ ನನ್ನನ್ನು ತಡೆಯುತ್ತಿದ್ದಳು. "ಈಗ ಮಾತಾಡಬ್ಯಾಡ್ರಿ. ಈ ಸಿಟ್ಟು ನಂದಲ್ಲ, ಗಂಟಲದ್ದು." ಹಿತ್ತಲಿಗೆ ಹೋಗಿ ಎಮ್ಮೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಎಮ್ಮೆ ನಿಧಾನವಾಗಿ ಉಸಿರಾಡುತ್ತಿತ್ತು, ಇವಳ ಉಸಿರು ಅದಕ್ಕೆ ಹೊಂದುವವರೆಗೆ ನಿಂತು ಒಳಗೆ ಬರುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥವಳಿಗೆ ನಾನು ಮಾಡಿದ್ದು ಇದು.

ಎದುರು ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮದುವೆ ಮನೆಯವರು ಜೋಳದ ಹಿಟ್ಟನ್ನು ಓಣಿಯ ಮನೆಮನೆಗೆ ಹಂಚುತ್ತಾರೆ. ಪ್ರತಿ ಮನೆಯ ಹೆಂಗಸರು ತಮ್ಮ ಪಾಲಿನ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಜೋಡಿಸಿ ಕಳಿಸುತ್ತಾರೆ. ಹಿಟ್ಟು ಬಂದ ಮನೆಗೆ ಅದೊಂದು ಮರ್ಯಾದೆ. ನಲವತ್ತು ವರ್ಷಗಳಲ್ಲಿ ಓಣಿಯ ಯಾವ ಮದುವೆಯ ಹಿಟ್ಟೂ ನಮ್ಮ ಮನೆ ಬಿಟ್ಟು ಹೋಗಿರಲಿಲ್ಲ. ಎಷ್ಟೋ ಸಲ ಮೊದಲ ಪಾಲು ನಮಗೇ ಬರುತ್ತಿತ್ತು. ಈ ಸಲ ನಾನು ಕಟ್ಟೆಯ ಮೇಲೆ ಕುಳಿತಿದ್ದಾಗ, ಎದುರು ಮನೆಯಾಕೆ ತನ್ನ ನಾದಿನಿಗೆ ಹೇಳಿದ್ದು ಕಿವಿಗೆ ಬಿತ್ತು.

"ದೊಡ್ಡವ್ವನ ಕೈ ನಡಗ್ತಾವ. ಪಾಪ, ಈ ಸಲ ಅವರ ಮನಿಗೆ ಹಿಟ್ಟು ಬ್ಯಾಡ ಬಿಡು."

ಅವಳು ಕರುಣೆಯಿಂದಲೇ ಹೇಳಿದಳು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಒಂದು ಮಾತ್ರೆಗೆ ಇಷ್ಟು ನಿಧಾನವಾದರೆ ಎರಡಕ್ಕೆ ಬೇಗ ಆದೀತು ಎಂದು ಲೆಕ್ಕ ಹಾಕಿದೆ. ಮುಂದಿನ ರಕ್ತ ಪರೀಕ್ಷೆಯಲ್ಲೂ ಡಾಕ್ಟರು "ಭೇಷ್" ಅಂದಾರು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವಳ ಅಂಗೈಯಲ್ಲಿ ಸಣ್ಣ ಮಾತ್ರೆ ಎರಡು ಇಟ್ಟೆ.

"ಇವತ್ತ ಎರಡ ಅದಾವಲ್ರಿ?"

"ಡಾಕ್ಟರ್ ಹೇಳ್ಯಾರ. ನುಂಗು."

ಅವಳು ನುಂಗಿದಳು. ಮತ್ತೆ ಒಂದು ದಿನವೂ ಕೇಳಲಿಲ್ಲ.

ನಡುಕ ಕಡಿಮೆಯಾಯಿತು. ನಾನು ಓಣಿಯಲ್ಲಿ ಎದೆಯುಬ್ಬಿಸಿ ನಡೆದೆ. ಎದುರು ಮನೆಯಾಕೆಗೆ ನಾನಾಗಿಯೇ, "ಹಿಟ್ಟು ಯಾವಾಗ ಕಳಸ್ತಿ?" ಎಂದು ಕೇಳಿದೆ. ಹಿಟ್ಟು ಬಂತು. ಅವಳು ರೊಟ್ಟಿ ಬಡಿದಳು, ಅಂಚು ಒಡೆಯಲಿಲ್ಲ. ಆದರೆ ಅರ್ಧ ದಿನದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಒಲೆಯ ಮುಂದೆ ಕುಳಿತೇ ತೂಕಡಿಸುತ್ತಿದ್ದಳು. ಬೇಸಿಗೆಯಲ್ಲಿ ಕೌದಿ ಹೊದ್ದುಕೊಂಡಳು. ಮುಖ ಊದಿತು, ದನಿ ಒಡೆಯಿತು. "ಮೈ ಎಲ್ಲಾ ತೊಯ್ದ ಗೋಣಿಚೀಲ ಆದಂಗ ಆಗೇತ್ರಿ" ಎಂದಳು. ಮದುವೆಯ ಓಡಾಟದ ದಣಿವು ಎಂದು ಹೇಳಿ ಮಾತು ಹಾರಿಸಿದೆ. ಆದರೆ ಒಳಗೆ ನನಗೆ ಗೊತ್ತಾಗಿತ್ತು.

ಎರಡು ತಿಂಗಳಿಗೆ ರಕ್ತ ಕೊಟ್ಟು ವರದಿ ತೆಗೆದುಕೊಂಡು ಕುಳಿತಾಗ ಡಾಕ್ಟರು ಹುಬ್ಬು ಗಂಟು ಹಾಕಿದರು. ಗ್ರಂಥಿ ಅಗತ್ಯಕ್ಕಿಂತ ಕೆಳಗೆ ಇಳಿದುಬಿಟ್ಟಿದೆ ಎಂದರು. "ದಿನಾ ಒಂದ ಅಲ್ರಿ?" ಎಂದು ಕೇಳಿದರು.

ಅವರು ಕೇಳಿದ್ದು ನನ್ನ ಹೆಂಡತಿಯನ್ನು. ಅವಳು ನನ್ನ ಕಡೆ ನೋಡಿದಳು. ಡಾಕ್ಟರು ಎರಡು ಹೇಳಿರಲಿಲ್ಲ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅವಳು ಬಾಯಿ ತೆರೆಯುವ ಮೊದಲೇ ನಾನು, "ಹೌದ್ರಿ, ಒಂದ" ಎಂದೆ. ಅವಳು ಸೆರಗು ಸರಿಪಡಿಸಿಕೊಂಡು ನೆಲ ನೋಡಿದಳು. ಒಂದೇ ಮಾತ್ರೆಗೆ ಇಷ್ಟು ಇಳಿದರೆ ಅರ್ಧ ಸಾಕು ಎಂದು ಡಾಕ್ಟರು ಚೀಟಿ ಬರೆದರು. ಅವರ ತಪ್ಪಿಲ್ಲ. ಹಸಿ ಹತ್ತಿಯನ್ನು ಒಣ ಹತ್ತಿ ಎಂದು ಹೇಳಿ ತಕ್ಕಡಿಗೆ ಇಟ್ಟವನು ನಾನು.

ಬಸ್ಸಿನಲ್ಲಾಗಲಿ ಮನೆಗೆ ಬಂದಮೇಲಾಗಲಿ ಅವಳು ಯಾಕೆಂದು ಕೇಳಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. ಮರುದಿನದಿಂದ ನಾನು ಅರ್ಧ ಮಾತ್ರೆ ಕೊಟ್ಟೆ. ಎರಡರಿಂದ ಒಮ್ಮೆಲೆ ಅರ್ಧಕ್ಕೆ. ಕೆಲವು ವಾರ ಅವಳು ಚೆನ್ನಾಗಿಯೇ ಇದ್ದಳು, ಮುಖದ ಊತ ಇಳಿಯಿತು. ನನ್ನ ಸುಳ್ಳು ತಾನಾಗಿಯೇ ಅಳಿಸಿಹೋಯಿತು ಎಂದು ಸಮಾಧಾನಪಟ್ಟೆ. ಆಮೇಲೆ ರೋಗ ಮೊದಲಿಗಿಂತ ಜೋರಾಗಿ ಮರಳಿತು. ಬೆವರು, ಭೇದಿ, ನಡುಕ. ಒಂದು ದಿನ ನಳದ ಮುಂದೆ ಕೊಡ ಎತ್ತಲು ಬಗ್ಗಿದವಳು ಅಲ್ಲೇ ಕುಸಿದಳು. ಎದುರು ಮನೆಯಾಕೆಯೇ ಓಡಿ ಹೋಗಿ ಎತ್ತಿ ಕೂಡಿಸಿದಳು. ನಾನು ಹೋಗಿ ಮುಟ್ಟಿದಾಗ ಸೀರೆಯ ಮೇಲಿನಿಂದಲೇ ಅವಳ ಎದೆ ಹೊಡೆದುಕೊಳ್ಳುವುದು ಕೈಗೆ ಹತ್ತಿತು.

"ನಾಳೆ ಹುಬ್ಬಳ್ಳಿಗೆ ಹೋಗೂಣು" ಎಂದೆ.

ಅವಳು ಉಸಿರು ಸುಧಾರಿಸಿಕೊಂಡು ಹೇಳಿದಳು. "ಬರ್ತೀನ್ರಿ. ಆದ್ರ ನೀವು ಆಕಿ ಮುಂದ ಖರೇ ಹೇಳಬೇಕು. ಹೇಳದಿದ್ರ ನಾ ರಕ್ತ ಕೊಡೂದಿಲ್ಲ, ಗುಳಿಗಿನೂ ನುಂಗೂದಿಲ್ಲ."

"ನೀನ ಹೇಳಬಹುದಿತ್ತಲ್ಲ, ಅವತ್ತ."

"ನಾ ಹೇಳಿದ್ರ ಅದು ಚಾಡಿ ಆಕ್ಕಿತ್ತು. ನೀವು ಹೇಳಿದ್ರ ಅದಕ್ಕ ಬ್ಯಾರೆ ಕಿಮ್ಮತ್ತು ಐತಿ. ಇಷ್ಟ ದಿನ ದಾರಿ ನೋಡಿದೆ."

ತನ್ನ ಎದೆ ಹಾಗೆ ಹೊಡೆದುಕೊಳ್ಳುತ್ತಿದ್ದಾಗಲೂ ನನಗಾಗಿ ಕಾದವಳು ಅವಳು. ಅದು ಸರಿಯೋ ತಪ್ಪೋ, ನಾನು ಹೇಳಲಾರೆ. ಅಷ್ಟು ಕಾಯಿಸಿದ ಪಾಪ ಮಾತ್ರ ನನ್ನದು.

ಹೇಳುತ್ತೇನೆಂದು ನಾನು ಮಾತು ಕೊಟ್ಟ ಮೇಲೆಯೇ ಅವಳು ಮರುದಿನ ರಕ್ತ ಕೊಟ್ಟಳು. ಡಾಕ್ಟರು ವರದಿ ನೋಡಿ ಗಾಬರಿಯಾದರು. ಹೀಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರಾಡುವುದು ಅವರಿಗೆ ಅರ್ಥವಾಗಲಿಲ್ಲ. ಮಾತ್ರೆಗೆ ಇದು ಬಗ್ಗುವಂತೆ ಕಾಣುವುದಿಲ್ಲ, ಆಪರೇಶನ್ ಮಾಡಿ ಗ್ರಂಥಿ ತೆಗೆಯುವ ವಿಚಾರ ಮಾಡಬೇಕಾದೀತು ಎಂದರು. ನನ್ನ ಸುಳ್ಳಿಗೆ ಅವಳ ಗಂಟಲು ಕೊಯ್ಯುವ ಮಾತು ಬಂದಿತ್ತು.

"ಬಾಯಾರ, ತಪ್ಪು ನಂದೈತ್ರಿ" ಎಂದು ಎದ್ದು ನಿಂತೆ. "ಮೊದಲ ಎರಡ ತಿಂಗಳದಾಗ ಒಂದೂವರಿ ತಿಂಗಳು ದಿನಾ ಎರಡೆರಡು ಕೊಟ್ಟೀನಿ. ನಿಮ್ಮ ಮುಂದ ಒಂದ ಅಂದೆ. ಆಕಿಗೆ ನೀವ ಹೇಳೀರಿ ಅಂತ ಸುಳ್ಳ ಹೇಳಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಾರ, ನಿಮ್ಮ ಮಾತು ನಂಬಿ ನಾನು ಅರ್ಧಕ್ಕ ಇಳಿಸಿದೆ. ನಿನ್ನೆ ಇವರ ಹೃದಯಕ್ಕ ಏನರ ಆಗಿದ್ರ?" ಎಂದರು. ಅವರು ಇನ್ನೂ ಬೈಯುತ್ತಿದ್ದರೋ ಏನೋ, ನನ್ನ ಹೆಂಡತಿ ನಡುವೆ ಬಾಯಿ ಹಾಕಿದಳು.

"ಇವರು ಹತ್ತಿ ತೂಗೂ ಮನಶಾ ಇದ್ರರಿ. ಹಸಿ ಹತ್ತಿ ತಂದವರನ್ನ ಹಿಡದು ಹಿಡದು ಬೈತಿದ್ರು. ಇವತ್ತ ತಮ್ಮ ಚೀಲದಾಗ ತಾವ ಕೈ ಹಾಕ್ಯಾರ. ಬಿಡ್ರಿ ಬಾಯಾರ, ಸಾಕು."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆಪರೇಶನ್ ಮಾತು ಅಲ್ಲಿಗೆ ನಿಂತಿತು. ಹೃದಯದ ಪರೀಕ್ಷೆ ಮಾಡಿಸಿದರು, ದೇವರ ದಯೆ, ಹಾನಿ ಆಗಿರಲಿಲ್ಲ. ಮೊದಲಿನಂತೆ ದಿನಕ್ಕೆ ಒಂದು ಮಾತ್ರೆ, ಒಂದೂವರೆ ತಿಂಗಳಿಗೆ ಮತ್ತೆ ರಕ್ತ ಎಂದರು. ಚೀಟಿಯನ್ನು ನನ್ನ ಕೈಗೆ ಕೊಡದೆ ಅವಳ ಕೈಗೆ ಕೊಟ್ಟರು. ಓದಲು ಬಾರದವಳಿಗೆ ಗೊತ್ತಾಗಲೆಂದು ಅದರ ಮೇಲೆ ಒಂದು ಸೂರ್ಯನನ್ನೂ ಅದರ ಕೆಳಗೆ ಒಂದೇ ಒಂದು ಚುಕ್ಕೆಯನ್ನೂ ಬರೆದರು.

ಊರಿಗೆ ಬಂದು ನಾನು ಎದುರು ಮನೆಯಾಕೆಗೂ ನಡೆದದ್ದನ್ನು ಹೇಳಿದೆ. ಅವಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡು, "ಅಯ್ಯ ಕಾಕಾ, ಎರಡ ಬುಟ್ಟಿ ರೊಟ್ಟಿಗೆ ಇಷ್ಟ ಮಾಡಿದ್ರ್ಯಾ?" ಎಂದಳು. ಹೌದು, ಅಷ್ಟಕ್ಕೇ.

ಅದಾಗಿ ಒಂದು ವರ್ಷ ದಾಟಿದೆ. ಈ ನಡುವೆ ಡಾಕ್ಟರು ಮಾತ್ರೆಯ ಪವರ್ ಒಮ್ಮೆ ಹೆಚ್ಚಿಸಿದರು, ಎರಡು ಸಲ ಇಳಿಸಿದರು, ಎಣಿಕೆ ಮಾತ್ರ ದಿನಕ್ಕೆ ಒಂದೇ. ಮಾತ್ರೆ ನಿಲ್ಲಿಸಿದ ಮೇಲೆ ರೋಗ ಮರಳಿದರೂ ಮರಳಬಹುದು ಎಂದು ಮುಂಚೆಯೇ ಹೇಳಿದ್ದಾರೆ. "ಬಂದ್ರ ಬರಲಿ, ಗುರ್ತಿನವರು ಬಂದಂಗ ಆಕ್ಕೇತಿ" ಎನ್ನುತ್ತಾಳೆ ಇವಳು. ಕಳೆದ ತಿಂಗಳು ಓಣಿಯ ಇನ್ನೊಂದು ಮದುವೆಗೆ ಹಿಟ್ಟು ಹಂಚಿದರು. ಅವತ್ತು ಇವಳ ಕೈಯಲ್ಲಿ ಸಣ್ಣ ನಡುಕ ಇತ್ತು. ಹಿಟ್ಟು ತಂದವರು ಬಾಗಿಲಲ್ಲಿ ಅನುಮಾನಿಸುತ್ತ ನಿಂತಾಗ ಇವಳೇ ಕರೆದಳು. "ಬಾರವ್ವ, ಇಡು ಇಲ್ಲೆ. ಬಡಿಯೂದು ನಿಮ್ಮ ಸೊಸಿ ಬಡಿಲಿ, ಬೇಯ್ಸೂದು ನಂದು." ಎದುರು ಮನೆಯಾಕೆಯೂ ಬಂದಳು. ಅವರು ಬಡಿದರು, ಇವಳು ಹಂಚಿನ ಮುಂದೆ ಕುಳಿತು ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರಿ ಮಗುಚಿದಳು. ನಾನು ಒಲೆಗೆ ಹತ್ತಿಕಟ್ಟಿಗೆ ಮುರಿದು ಕೊಟ್ಟೆ. ಈ ದಾರಿ ಮೊದಲೂ ಇತ್ತು. ಅವಳನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದಳು.

ಮಾತ್ರೆಗಳು ಈಗ ನನ್ನ ಟ್ರಂಕಿನಲ್ಲಿಲ್ಲ. ಸಾಸಿವೆ ಡಬ್ಬಿಯ ಬಾಜು ಅವಳದೇ ಒಂದು ಡಬ್ಬಿ ಇದೆ. ಬೆಳಿಗ್ಗೆ ಚಹಾಕ್ಕೆ ಮುಂಚೆ ಅದರಿಂದ ಒಂದನ್ನು ತೆಗೆದು ಅಂಗೈಯಲ್ಲಿಟ್ಟು ನನ್ನ ಮುಖದ ಮುಂದೆ ಹಿಡಿಯುತ್ತಾಳೆ.

"ನೋಡ್ರಿ, ತೂಗೂವರ. ಎಷ್ಟ ಅದಾವ?"

"ಒಂದ" ಎನ್ನುತ್ತೇನೆ.

ಆಮೇಲೆ ನುಂಗುತ್ತಾಳೆ.